ಹೆದರಿಸಿ ಬರೆಸಿಕೊಂಡ ಮಾತು



ನಾಲ್ಕು ಜನ ಸುತ್ತುವರಿದು, ಹೆದರಿಸಿ, ಒಬ್ಬನಿಂದ ಕಾಗದದ ಮೇಲೆ ಸಹಿ ಹಾಕಿಸಿಕೊಂಡರೆ ಆ ಕಾಗದಕ್ಕೆ ಬೆಲೆಯುಂಟೇ? ಅಂಗಡಿ ನಡೆಸುವವರಿಗಾಗಲಿ, ಹೊಲಮನೆ ಉಳ್ಳವರಿಗಾಗಲಿ ಈ ಪ್ರಶ್ನೆ ಹೊಸದಲ್ಲ. ಕಾಯದೆಯ ಉತ್ತರ ಸರಳವಾಗಿದೆ. 1872ರ ಭಾರತೀಯ ಕರಾರು ಕಾಯದೆಯ 15ನೆಯ ಕಲಮು ಬಲಾತ್ಕಾರವೆಂದರೆ ಏನೆಂದು ಹೇಳುತ್ತದೆ. ಬಲಾತ್ಕಾರಕ್ಕೆ ಒಳಗಾಗಿ ಒಪ್ಪಿಗೆ ಕೊಟ್ಟವನು ಬೇಡವೆಂದರೆ ಆ ಕರಾರನ್ನು ಬಿಡಿಸಿಕೊಳ್ಳಬಹುದು ಎಂದು 19ನೆಯ ಕಲಮು ಹೇಳುತ್ತದೆ. ಕೋರ್ಟಿಗೆ ಇಷ್ಟು ಸಾಕು. ಮನಸ್ಸಾಕ್ಷಿಗೆ ಸಾಕೇ? ಹೆದರಿಸಿದ್ದು ನಿಜ. ಆದರೆ ಹೆದರಿಕೊಂಡು ಒಪ್ಪಿದ ಆ ಬಾಕಿ ಮೊದಲಿನಿಂದಲೂ ಕೊಡಬೇಕಾದದ್ದೇ ಆಗಿದ್ದರೆ?

ಈ ಪ್ರಶ್ನೆಯನ್ನು ಒಂದು ದೇಶವೇ ತಲೆಮಾರುಗಟ್ಟಲೆ ಹೊತ್ತುಕೊಂಡು ತಿರುಗಿದ್ದುಂಟು. ಇಂಗ್ಲೆಂಡಿನ ದೊರೆಗಳಿಗೂ ಅಲ್ಲಿಯ ಸರದಾರರಿಗೂ ನಡೆದ ಜಗಳದ ಕಥೆ ಅದು. ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಮ್ಯಾಗ್ನಾ ಕಾರ್ಟಾ ಎಂಬ ಹೆಸರನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಪಠ್ಯಪುಸ್ತಕದಲ್ಲಿ ಅದು ಸ್ವಾತಂತ್ರ್ಯದ ಮೊದಲ ಮೆಟ್ಟಿಲು. ಅದನ್ನು ಹೇಗೆ ಬರೆಸಿಕೊಂಡರು, ಎಷ್ಟು ದಿನ ಬಾಳಿತು, ಯಾರು ಹರಿದರು, ಯಾರು ಮತ್ತೆ ಹೊಲಿದರು ಎಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಬೆಳಕು ಸಿಗುತ್ತದೆ.

ದೊರೆ ಜಾನ್ 1199ರಲ್ಲಿ ಪಟ್ಟಕ್ಕೆ ಬಂದ. ಅವನ ವಂಶದವರಿಗೆ ಇಂಗ್ಲೆಂಡಿನ ಜೊತೆಗೆ ಫ್ರಾನ್ಸ್ ನೆಲದಲ್ಲಿಯೂ ದೊಡ್ಡ ಸೀಮೆಗಳಿದ್ದವು. ಅವುಗಳಲ್ಲಿ ಮುಖ್ಯವಾದ ನಾರ್ಮಂಡಿಯನ್ನು 1204ರಲ್ಲಿ ಫ್ರೆಂಚ್ ದೊರೆ ಫಿಲಿಪ್ ಕಿತ್ತುಕೊಂಡ. ಕಳೆದುಹೋದದ್ದನ್ನು ಮರಳಿ ಗೆಲ್ಲಬೇಕು, ಗೆಲ್ಲಲು ಹಣ ಬೇಕು. ಜಾನನ ಮುಂದಿನ ಹತ್ತು ವರ್ಷಗಳ ಆಳ್ವಿಕೆಯೆಲ್ಲ ಈ ಹಣದ ಬೇಟೆಯೇ. ದಂಡಿಗೆ ಬಾರದ ಸರದಾರರು ಬದಲಿಗೆ ಹಣ ಕಟ್ಟುವ ಒಂದು ಪದ್ಧತಿ ಅಲ್ಲಿತ್ತು. ತನ್ನ ಹದಿನೇಳು ವರ್ಷಗಳ ಆಳ್ವಿಕೆಯಲ್ಲಿ ಅವನು ಅದನ್ನು ಹನ್ನೊಂದು ಸಲ ಎತ್ತಿದ. ತಂದೆ ಸತ್ತ ಮೇಲೆ ಮಗನು ಜಹಗೀರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ದೊರೆಗೆ ಕಾಣಿಕೆ ಕೊಡಬೇಕಿತ್ತು. ದೊಡ್ಡ ಜಹಗೀರಿಗೆ 100 ಪೌಂಡು ರೂಢಿಯ ಮೊತ್ತ. 1205ರಲ್ಲಿ ನಿಕೊಲಸ್ ಸ್ಟಟ್‌ವಿಲ್ ಎಂಬ ಸರದಾರನ ಮೇಲೆ ಬಿದ್ದದ್ದು 10,000 ಮಾರ್ಕು. ಒಂದು ಮಾರ್ಕೆಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಲೆಕ್ಕ ಹಾಕಿ ನೋಡಿರಿ, ರೂಢಿಯ ಮೊತ್ತದ ಅರವತ್ತಾರು ಪಟ್ಟು! ಇಷ್ಟನ್ನು ತೀರಿಸಲಿ ಎಂದು ಯಾವ ದೊರೆಯೂ ಕೇಳುವುದಿಲ್ಲ. ತೀರದಿರಲಿ ಎಂದೇ ಕೇಳುತ್ತಾನೆ. ಸಾಲದ ಹಗ್ಗ ಕೈಯಲ್ಲಿದ್ದರೆ ಎತ್ತು ಎಲ್ಲಿಗೂ ಓಡಲಾರದು.

ಸಾಲ ಸಾಲದೆಂದು ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದ. ಒತ್ತೆಯ ಅರ್ಥ ಏನೆಂಬುದು 1212ರಲ್ಲಿ ಎಲ್ಲರಿಗೂ ಗೊತ್ತಾಯಿತು. ವೇಲ್ಸ್ ಸೀಮೆಯವರು ದಂಗೆ ಎದ್ದರೆಂದು ಅವರ 28 ಮಂದಿ ಒತ್ತೆಯ ಹುಡುಗರನ್ನು ನಾಟಿಂಗ್‌ಹ್ಯಾಮಿನಲ್ಲಿ ನೇಣಿಗೇರಿಸಿದ. ವಿಲಿಯಂ ಬ್ರಿಯೋಸ್ ಎಂಬವನು ಒಂದು ಕಾಲಕ್ಕೆ ದೊರೆಯ ಅಚ್ಚುಮೆಚ್ಚಿನ ಸರದಾರನಾಗಿದ್ದ. ಮಕ್ಕಳನ್ನು ಒತ್ತೆ ಕೊಡಲು ಅವನ ಮನೆಯವರು ಒಪ್ಪದಿದ್ದಾಗ ಹಗೆ ಬೆಳೆಯಿತು. ಕಡೆಗೆ 1210ರಲ್ಲಿ ಅವನ ಹೆಂಡತಿ ಮಟಿಲ್ಡಾಳೂ ಹಿರಿಯ ಮಗನೂ ದೊರೆಯ ಸೆರೆಮನೆಯಲ್ಲಿ ಅನ್ನವಿಲ್ಲದೆ ಸತ್ತರೆಂದು ಆ ಕಾಲದ ಬರಹಗಾರರು ದಾಖಲಿಸಿದ್ದಾರೆ.

1214ರಲ್ಲಿ ಫ್ರಾನ್ಸಿನ ಮೇಲಿನ ದಂಡಯಾತ್ರೆಯೂ ಮಣ್ಣುಗೂಡಿತು. ಜುಲೈ 27ರಂದು ಬುವೀನ್ ಎಂಬಲ್ಲಿ ಜಾನನ ಮಿತ್ರಪಕ್ಷದವರು ಸೋತರು. ಅಷ್ಟೆಲ್ಲ ಹಿಂಡಿ ತೆಗೆದ ಹಣ ಹೋಯಿತು, ನಾರ್ಮಂಡಿ ಬರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಸರದಾರರ ಒಂದು ದೊಡ್ಡ ಗುಂಪು ದೊರೆಗೆ ಕೊಟ್ಟ ನಿಷ್ಠೆಯ ಮಾತನ್ನು ಹಿಂದಕ್ಕೆ ಪಡೆದು ಕತ್ತಿ ಹಿಡಿಯಿತು. ಮೇ 17ರಂದು ಲಂಡನ್ ನಗರ ಅವರಿಗೆ ಬಾಗಿಲು ತೆರೆಯಿತು. ರಾಜಧಾನಿ ಕೈತಪ್ಪಿದ ಮೇಲೆ ದೊರೆಗೆ ಬೇರೆ ದಾರಿ ಇರಲಿಲ್ಲ. ಥೇಮ್ಸ್ ನದಿಯ ದಂಡೆಯ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಮಾತುಕತೆ ನಡೆದು, 1215ರ ಜೂನ್ 15ರ ತಾರೀಖಿನ ಸನ್ನದಿಗೆ ದೊರೆಯ ಮೊಹರು ಬಿತ್ತು. ಕೆಲವರು ಸಹಿ ಎನ್ನುತ್ತಾರೆ. ಅದು ಸಹಿಯಲ್ಲ, ಮೇಣದ ಮೊಹರು.

ಆ ಸನ್ನದಿನಲ್ಲಿ ಏನಿತ್ತು? ಹೆಚ್ಚಿನದು ಸರದಾರರ ಸ್ವಂತ ಗೋಳು: ಜಹಗೀರಿನ ಕಾಣಿಕೆ 100 ಪೌಂಡಿಗಿಂತ ಹೆಚ್ಚಾಗಬಾರದು, ವಿಧವೆಯರನ್ನು ಒತ್ತಾಯದಿಂದ ಮದುವೆ ಮಾಡಿಸಬಾರದು, ಇತ್ಯಾದಿ. ಆದರೆ ಅದರ ನಡುನಡುವೆ ಬೇರೆ ಮಾತುಗಳೂ ಇದ್ದವು. ದೊರೆಯ ಅಧಿಕಾರಿಗಳು ಯಾರದೇ ಕಾಳುಕಡಿ ಎತ್ತಿಕೊಂಡು ಹೋದರೆ ಆಗಿಂದಾಗಲೇ ಹಣ ಎಣಿಸಬೇಕು, ಮಾರಿದವನು ತಾನಾಗಿ ವಾಯಿದೆ ಕೊಟ್ಟರೆ ಆ ಮಾತು ಬೇರೆ. ದ್ರಾಕ್ಷಾರಸಕ್ಕೂ ಧಾನ್ಯಕ್ಕೂ ರಾಜ್ಯದಲ್ಲೆಲ್ಲ ಒಂದೇ ಅಳತೆ ಇರಬೇಕು. ವ್ಯಾಪಾರಿಗಳು ಅನ್ಯಾಯದ ಸುಂಕವಿಲ್ಲದೆ ನಿರ್ಭಯವಾಗಿ ಓಡಾಡಬೇಕು. ನ್ಯಾಯವನ್ನು ದೊರೆ ಮಾರಬಾರದು, ತಡೆಹಿಡಿಯಬಾರದು, ತಡಮಾಡಬಾರದು. ಸ್ವತಂತ್ರನಾದ ಯಾವನನ್ನೂ ಅವನ ಸಮಾನರ ತೀರ್ಪಿಲ್ಲದೆ ಅಥವಾ ದೇಶದ ಕಾನೂನಿಲ್ಲದೆ ಹಿಡಿದು ಹಾಕಬಾರದು. ಪೇಟೆಯ ಮನುಷ್ಯನಿಗೆ ಇವು ವಿವರಿಸಿ ಹೇಳಬೇಕಾದ ಮಾತುಗಳಲ್ಲ. ಕಡೆಯಲ್ಲಿ ಇನ್ನೊಂದು ಕಲಮು ಇತ್ತು. ಸರದಾರರು 25 ಮಂದಿಯನ್ನು ಆರಿಸುವರು. ದೊರೆ ಮಾತಿಗೆ ತಪ್ಪಿ, ತಿಳಿಸಿದ 40 ದಿನಗಳೊಳಗೆ ಸರಿಪಡಿಸದಿದ್ದರೆ ಆ 25 ಮಂದಿ ದೇಶವನ್ನೆಲ್ಲ ಕೂಡಿಕೊಂಡು ಅವನ ಕೋಟೆ, ಭೂಮಿ ಕಿತ್ತುಕೊಳ್ಳಬಹುದು. ದೊರೆಯ, ರಾಣಿಯ, ಮಕ್ಕಳ ಮೈ ಮಾತ್ರ ಮುಟ್ಟುವಂತಿಲ್ಲ.

ಜಾನ್ ಕೂಡಲೇ ರೋಮಿನ ಪೋಪ್ ಮೂರನೆಯ ಇನ್ನೊಸೆಂಟನಿಗೆ ದೂರು ಕಳಿಸಿದ. ಎರಡು ವರ್ಷ ಮೊದಲು, 1213ರಲ್ಲಿ, ಅವನು ತನ್ನ ರಾಜ್ಯವನ್ನೇ ಪೋಪನಿಗೆ ಒಪ್ಪಿಸಿ ವರ್ಷಕ್ಕೆ 1,000 ಮಾರ್ಕು ಕಪ್ಪ ಕೊಡುವ ಮಾಂಡಲಿಕನಾಗಿದ್ದ. ಆದ್ದರಿಂದ ಪೋಪ್ ಈಗ ಅವನ ಒಡೆಯ. ಆಗಸ್ಟ್ 24ರಂದು ಪೋಪನ ಆಜ್ಞೆ ಹೊರಟಿತು: ಬಲದಿಂದಲೂ ಭಯದಿಂದಲೂ ಪಡೆದ ಈ ಸನ್ನದು ಎಂದೆಂದಿಗೂ ರದ್ದು, ದೊರೆ ಅದನ್ನು ಪಾಲಿಸಬೇಕಿಲ್ಲ, ಸರದಾರರು ಅದನ್ನು ಕೇಳಬಾರದು. ಅಂದರೆ ಮಹಾ ಸನ್ನದು ಬಾಳಿದ್ದು ಎಪ್ಪತ್ತು ದಿನ.

ಪೋಪನನ್ನು ಬೈದು ಮುಂದೆ ಹೋಗುವುದು ಸುಲಭ. ಹಾಗೆ ಮಾಡುವುದು ನ್ಯಾಯವಲ್ಲ. ನಮ್ಮ ಕರಾರು ಕಾಯದೆ ಹೇಳುವುದನ್ನೇ ಅವನೂ ಹೇಳಿದ. ರಾಜಧಾನಿಯನ್ನು ಹಿಡಿದು, ಸೈನ್ಯ ನಿಲ್ಲಿಸಿ ಬರೆಸಿಕೊಂಡದ್ದಕ್ಕೆ ಬಲಾತ್ಕಾರವೆನ್ನದೆ ಇನ್ನೇನು ಎನ್ನಬೇಕು? ಅದೇ ವರ್ಷದ ಮಾರ್ಚಿಯಲ್ಲಿ, ಸರದಾರರು ವಿನಯದಿಂದ ಬೇಡಿಕೊಳ್ಳಬೇಕು, ದೊರೆ ನ್ಯಾಯವಾದ ಬೇಡಿಕೆಗಳನ್ನು ಕೇಳಬೇಕು ಎಂದು ಎರಡೂ ಕಡೆಗೆ ಅವನು ಬುದ್ಧಿ ಹೇಳಿದ್ದ. ಸರದಾರರೂ ಕೊಟ್ಟ ಮಾತಿನಂತೆ ನಡೆಯಲಿಲ್ಲ. ಲಂಡನ್ನನ್ನು ಆಗಸ್ಟ್ 15ರವರೆಗೆ ಮಾತ್ರ ಇಟ್ಟುಕೊಳ್ಳುವ ಒಪ್ಪಂದವಾಗಿತ್ತು. ಆ ದಿನ ಬಂದರೂ ಬಿಟ್ಟುಕೊಡಲಿಲ್ಲ.

ಆದರೂ ಪೋಪನ ತೂಕದಲ್ಲಿ ಒಂದು ತಟ್ಟೆ ಖಾಲಿ ಇತ್ತೆಂದೇ ನನ್ನ ಅಭಿಪ್ರಾಯ. ಮಾತನ್ನು ಹೇಗೆ ಪಡೆದರು ಎಂಬುದನ್ನು ಅವನು ತೂಗಿದ. ಅದರಲ್ಲಿ ಯಾವುದು ಮೊದಲೇ ಕೊಡಬೇಕಾದದ್ದು, ಯಾವುದು ಅಲ್ಲ ಎಂಬುದನ್ನು ತೂಗಲಿಲ್ಲ. ನ್ಯಾಯವನ್ನು ಮಾರಬಾರದೆಂಬ ಕರ್ತವ್ಯ ಜಾನನಿಗೆ ರನ್ನಿಮೀಡಿನಲ್ಲಿ ಹುಟ್ಟಿತೇ? ಪಟ್ಟ ಕಟ್ಟಿಸಿಕೊಂಡ ದಿನವೇ ನ್ಯಾಯ ಪಾಲಿಸುವೆನೆಂದು ಅವನು ಪ್ರಮಾಣ ಮಾಡಿದ್ದ. ರೈತನ ಕಾಳಿಗೆ ಹಣ ಕೊಡಬೇಕೆಂಬುದಕ್ಕೆ ಪ್ರಮಾಣವೂ ಬೇಡ. ಬಾಕಿ ಉಳಿಸಿಕೊಂಡವನ ಕೊರಳಪಟ್ಟಿ ಹಿಡಿದು ಬಾಕಿ ಇದೆ ಎಂದು ಹೇಳಿಸಿದರೆ ಹಿಡಿದದ್ದು ತಪ್ಪು. ಹಾಗೆಂದು ಬಾಕಿ ಹರಿಯುವುದಿಲ್ಲ, ಅದು ಅವನ ಬಾಯಿಮಾತಿನಿಂದ ಹುಟ್ಟಿದ್ದಲ್ಲವಲ್ಲ! ಅದೂ ಅಲ್ಲದೆ, ಬಲಾತ್ಕಾರವೆಂದು ಗೋಳಾಡಿದವನು ಯಾರು? ಸ್ಟಟ್‌ವಿಲ್‌ನಿಂದ 10,000 ಮಾರ್ಕಿನ ಕಾಗದವನ್ನು ಪ್ರೀತಿಯಿಂದ ಬರೆಸಿಕೊಂಡಿದ್ದನೇ?

ಆದರೆ ಸನ್ನದಿನಲ್ಲಿದ್ದುದೆಲ್ಲ ಇಂಥ ಹಳೆಯ ಬಾಕಿಯಲ್ಲ. ಆ 25 ಮಂದಿಯ ಕಲಮು ಹಾಗಲ್ಲ. ದೊರೆಯ ತಲೆಯ ಮೇಲೆ ಇನ್ನೊಂದು ದೊರೆತನ ಕೂರಿಸುವಂಥದು ಅದು. ಯಾವ ಹಳೆಯ ರೂಢಿಯಲ್ಲಿಯೂ ಜಾನ್ ಅದಕ್ಕೆ ಬಾಧ್ಯನಾಗಿರಲಿಲ್ಲ. ಕತ್ತಿಯ ಬಲದಿಂದ ಬಂದದ್ದು ಅದೊಂದೇ ಎಂದರೂ ತಪ್ಪಾಗದು. ಕಾಳೂ ಹೊಟ್ಟೂ ಒಂದೇ ಮೊರದಲ್ಲಿದ್ದವು. ಪೋಪ್ ಮೊರವನ್ನೇ ಎಸೆದ.

ಕೇರಿ ಬೇರ್ಪಡಿಸಿದವನು ಇನ್ನೊಬ್ಬ. ಅವನ ಹೆಸರು ವಿಲಿಯಂ ಮಾರ್ಷಲ್, ಎಪ್ಪತ್ತರ ಆಸುಪಾಸಿನ ಮುದುಕ ಸರದಾರ. ಜಾನ್ ಅವನನ್ನೂ ಕಾಡಿದ್ದ. ಅವನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡಿದ್ದ. ಆದರೂ ಮಾರ್ಷಲ್ ಕೊಟ್ಟ ನಿಷ್ಠೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಅವನ ಹಿರಿಯ ಮಗನೇ ಎದುರಾಳಿ ಪಕ್ಷ ಸೇರಿ ಆ 25 ಮಂದಿಯಲ್ಲೊಬ್ಬನಾದ. ತಂದೆ ಮಾತ್ರ ದೊರೆಯ ಕಡೆಗೇ ನಿಂತ.

ಸನ್ನದು ರದ್ದಾದ ಮೇಲೆ ಯುದ್ಧ ಹೊತ್ತಿಕೊಂಡಿತು. ಸರದಾರರು ಫ್ರೆಂಚ್ ಯುವರಾಜ ಲೂಯಿಯನ್ನೇ ಕರೆತಂದರು. 1216ರ ಅಕ್ಟೋಬರಿನಲ್ಲಿ, ಯುದ್ಧದ ನಡುವೆಯೇ, ಜಾನ್ ನ್ಯೂವಾರ್ಕ್ ಎಂಬ ಊರಿನಲ್ಲಿ ಬೇನೆಯಿಂದ ಸತ್ತ. ಅವನ ಮಗ ಹೆನ್ರಿಗೆ ಆಗ ಒಂಬತ್ತು ವರ್ಷ. ಹುಡುಗನಿಗೆ ಗ್ಲೌಸ್ಟರಿನಲ್ಲಿ ಪಟ್ಟ ಕಟ್ಟಿ, ರಾಜ್ಯದ ಹೊಣೆಯನ್ನು ಮಾರ್ಷಲ್ ಹೊತ್ತ. ಎರಡೇ ವಾರದಲ್ಲಿ, ನವೆಂಬರ್ 12ರಂದು, ಆ ಮುದುಕ ಮಾಡಿದ ಕೆಲಸ ನೋಡಿರಿ. ಪೋಪ್ ರದ್ದುಮಾಡಿದ ಅದೇ ಸನ್ನದನ್ನು ಹುಡುಗನ ಹೆಸರಿನಲ್ಲಿ ಮತ್ತೆ ಹೊರಡಿಸಿದ. ತನ್ನ ಮೊಹರಿನ ಜೊತೆಗೆ ಪೋಪನ ಪ್ರತಿನಿಧಿ ಗ್ವಾಲಾ ಎಂಬವನ ಮೊಹರನ್ನೂ ಹಾಕಿಸಿದ! 25 ಮಂದಿಯ ಕಲಮನ್ನು ಮಾತ್ರ ತೆಗೆದುಹಾಕಿದ. ತೆರಿಗೆಗೆ ರಾಜ್ಯದ ಹಿರಿಯರ ಸಮ್ಮತಿ ಬೇಕೆಂಬ ಕಲಮೂ ಆಗ ಬಿದ್ದುಹೋಯಿತು. ಅದು ಕಾಳೇ ಆಗಿತ್ತು, ಹೊಟ್ಟಿನ ಜೊತೆ ಹಾರಿತು. ಬೊಕ್ಕಸ ಬರಿದಾದವನ ಮೊರ ಅದು. ನ್ಯಾಯದ, ಅಳತೆಯ, ವ್ಯಾಪಾರದ ಮಾತುಗಳು ಉಳಿದವು. ಈ ಸಲ ಮಾರ್ಷಲ್‌ನನ್ನು ಯಾವ ಸರದಾರನೂ ಹೆದರಿಸಿ ಬರೆಸಿಕೊಳ್ಳಲಿಲ್ಲ. ಎದುರಾಳಿಗಳ ಮನಸ್ಸನ್ನು ಒಲಿಸುವ ರಾಜಕಾರಣ ಅದರಲ್ಲಿ ಇದ್ದೇ ಇತ್ತು. ಆದರೆ ಕೊಡಬೇಕಾದದ್ದನ್ನು ಕೊಡುವುದೇ ಒಲಿಸುವ ದಾರಿಯೆಂದು ಅವನಿಗೆ ತೋಚಿತಲ್ಲ, ಜಾನನಿಗೆ ಅದು ಹದಿನೇಳು ವರ್ಷವೂ ತೋಚಿರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಲಿಂಕನ್ ಊರಿನಲ್ಲಿ ಮುದುಕ ತಾನೇ ಕುದುರೆ ಏರಿ ಲೂಯಿಯ ಪಕ್ಷದವರನ್ನು ಸೋಲಿಸಿದ. ಗೆದ್ದ ಮೇಲೆಯೂ, 1217ರಲ್ಲಿ, ಸನ್ನದನ್ನು ಇನ್ನೊಮ್ಮೆ ಹೊರಡಿಸಿದ. ಗೆದ್ದವನಿಗೆ ಅದರ ಗರಜು ಅಷ್ಟಿರಲಿಲ್ಲ.

ಇನ್ನು 1223ರ ಜನವರಿಯಲ್ಲಿ ನಡೆದ ಒಂದು ಪ್ರಸಂಗ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್, ಸನ್ನದನ್ನು ದೃಢಪಡಿಸಬೇಕೆಂದು ದೊರೆಯನ್ನು ಕೇಳಿದ. 1215ರಲ್ಲಿ ಸರದಾರರಿಗೆ ಬಹಿಷ್ಕಾರ ಹಾಕಲು ಒಪ್ಪದೆ ಪೋಪನ ಸಿಟ್ಟಿಗೆ ಗುರಿಯಾಗಿ, ಪದವಿಯಿಂದ ಅಮಾನತ್ತಾಗಿದ್ದವನು ಇವನೇ. ವಿಲಿಯಂ ಬ್ರೂವರ್ ಎಂಬ ಹಳೆಯ ಅಧಿಕಾರಿ ಎದ್ದು, ಅದು ಬಲದಿಂದ ಕಿತ್ತುಕೊಂಡದ್ದು, ಪಾಲಿಸಬೇಕಾದ ಹಂಗಿಲ್ಲ ಎಂದ. ದೊರೆಯ ಮೇಲೆ ನಿನಗೆ ಪ್ರೀತಿ ಇದ್ದರೆ ರಾಜ್ಯದ ಶಾಂತಿಗೆ ಅಡ್ಡ ಬರುತ್ತಿರಲಿಲ್ಲ ಎಂದು ಲ್ಯಾಂಗ್ಟನ್ ಗದರಿಸಿದ. ಹದಿನೈದು ವರ್ಷದ ಹೆನ್ರಿ ನಡುವೆ ಬಾಯಿಹಾಕಿ, ನಾವೆಲ್ಲ ಆಣೆಯಿಟ್ಟಿದ್ದೇವೆ, ಆಣೆಯಿಟ್ಟದ್ದನ್ನು ಪಾಲಿಸಲೇಬೇಕು ಎಂಬರ್ಥದ ಮಾತಾಡಿದನೆಂದು ಆ ಕಾಲದ ಬರಹದಲ್ಲಿದೆ. ಎರಡು ವರ್ಷದ ಮೇಲೆ, 1225ರ ಫೆಬ್ರುವರಿಯಲ್ಲಿ, ಫ್ರಾನ್ಸಿನಲ್ಲಿ ಉಳಿದಿದ್ದ ಸೀಮೆಯನ್ನು ಕಾಯಲು ಹಣ ಬೇಕಾದಾಗ ದೊರೆ ಸನ್ನದನ್ನು ತನ್ನ ಸ್ವಂತ ಇಚ್ಛೆಯಿಂದ ಕೊಡುತ್ತೇನೆಂದು ಬರೆದುಕೊಟ್ಟ. ಪ್ರಜೆಗಳು ತಮ್ಮ ಚರಾಸ್ತಿಯ ಹದಿನೈದರಲ್ಲೊಂದು ಪಾಲು ತೆರಿಗೆ ಕೊಟ್ಟರು. ಕೊಟ್ಟು ತೆಗೆದುಕೊಂಡ ವ್ಯವಹಾರ ಅದು. ಪೇಟೆಯವರು ಒಪ್ಪುವಂಥದು. ಮುಂದೆ ಕಾಯದೆ ಪುಸ್ತಕ ಸೇರಿದ್ದು ಈ 1225ರ ಪಾಠ. ಅದರ ಕೆಲವು ಕಲಮುಗಳು ಇಂದಿಗೂ ಅಲ್ಲಿ ಜೀವಂತವಾಗಿವೆ.

ಆದರೆ ಮನುಷ್ಯನ ಸ್ವಭಾವ ವಿಚಿತ್ರ. ಹದಿನೈದರ ಪ್ರಾಯದಲ್ಲಿ ಆಣೆಯ ಮಾತಾಡಿದ ಅದೇ ಹೆನ್ರಿ ಐವತ್ತಕ್ಕೆ ಬಂದಾಗ, 1258ರಲ್ಲಿ, ಸಾಲದಲ್ಲಿ ಮುಳುಗಿ ಆಕ್ಸ್‌ಫರ್ಡಿನಲ್ಲಿ ಸರದಾರರ ಹೊಸ ಕಟ್ಟಳೆಗಳಿಗೆ ಆಣೆಯಿಟ್ಟ. ಅವನ ಆಡಳಿತವನ್ನು ನಡೆಸಲು ಹದಿನೈದು ಮಂದಿಯ ಮಂಡಳಿ ಏರ್ಪಟ್ಟಿತು. 1261ರಲ್ಲಿ ಅವನೂ ತಂದೆಯಂತೆ ಪೋಪನಿಂದ ಆಣೆಯ ಬಿಡುಗಡೆ ತರಿಸಿಕೊಂಡ. ಮತ್ತೆ ಯುದ್ಧ. 1264ರಲ್ಲಿ ಲೂಯಿಸ್ ಎಂಬ ಊರಿನ ಬಳಿ ಸರದಾರ ಸೈಮನ್ ಮಾಂಟ್‌ಫರ್ಟ್ ಗೆದ್ದು ದೊರೆಯನ್ನು ಸೆರೆಹಿಡಿದ. 1265ರ ಆಗಸ್ಟ್ 4ರಂದು ಈವ್‌ಶ್ಯಾಮಿನಲ್ಲಿ ಸೈಮನ್ ಸತ್ತ, ಅವನ ಹೆಣವನ್ನೂ ಕಡಿದು ಹಾಕಿದರು. ಗೆದ್ದ ದೊರೆ ಹದಿನೈದು ಮಂದಿಯ ಮಂಡಳಿಯನ್ನು ಮತ್ತೆ ಎತ್ತಲಿಲ್ಲ. ಆದರೆ ಸರದಾರರು ತಂದ ನ್ಯಾಯದ ಸುಧಾರಣೆಗಳಲ್ಲಿ ಅನೇಕವನ್ನು 1267ರಲ್ಲಿ ಮಾರ್ಲ್‌ಬರೊ ಕಾಯದೆಯಾಗಿ ತಾನೇ ಹೊರಡಿಸಿದ. ಅದೇ ಮೊರ, ಅದೇ ಕೇರುವಿಕೆ. ಅವನ ಮಗ ಒಂದನೆಯ ಎಡ್ವರ್ಡ್ ಕೂಡ 1297ರಲ್ಲಿ ಸರದಾರರ ಒತ್ತಾಯಕ್ಕೆ ಸನ್ನದುಗಳನ್ನು ದೃಢಪಡಿಸಿ, 1305ರಲ್ಲಿ ಪೋಪ್ ಐದನೆಯ ಕ್ಲೆಮೆಂಟನಿಂದ ಬಿಡುಗಡೆ ಪಡೆದ. ಅಜ್ಜ, ಮಗ, ಮೊಮ್ಮಗ, ಮೂವರೂ ಪೋಪನ ಬಾಗಿಲಿಗೇ ಹೋದರು.

ಇಲ್ಲಿಯವರೆಗೆ ದೊರೆಗಳ ಲೆಕ್ಕ ಕೇಳಿದೆವು. ಸರದಾರರ ಲೆಕ್ಕವನ್ನೂ ಕೇಳದೆ ಬಿಡಬಾರದು. ರನ್ನಿಮೀಡಿನ ಸನ್ನದಿನಲ್ಲಿ 60ನೆಯದೆಂದು ಎಣಿಸುವ ಕಲಮೊಂದಿದೆ: ದೊರೆ ತನ್ನವರಿಗೆ ಕೊಟ್ಟ ಹಕ್ಕುಗಳನ್ನು ಸರದಾರರೂ ತಮ್ಮ ಕೈಕೆಳಗಿನವರಿಗೆ ಪಾಲಿಸಬೇಕು. ಇದನ್ನು ನೋಡಿಕೊಳ್ಳಲು ಯಾವ 25 ಮಂದಿಯೂ ನೇಮಕವಾಗಲಿಲ್ಲ. ಸನ್ನದಿನ ರಕ್ಷಣೆ ಸ್ವತಂತ್ರ ಮನುಷ್ಯನಿಗೆ. ಆ ಕಾಲದ ಒಕ್ಕಲು ಮಕ್ಕಳಲ್ಲಿ ಬಹಳಷ್ಟು ಜನ ಸ್ವತಂತ್ರರಲ್ಲ. ಭೂಮಿಗೆ ಕಟ್ಟುಬಿದ್ದು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯುವ ಜೀತದ ಒಕ್ಕಲುಗಳು. ದಂಡ ಹಾಕುವಾಗ ಅಂಥ ಒಕ್ಕಲಿನ ಉಳುಮೆಯ ಆಧಾರವನ್ನು ಕಸಿಯಬಾರದೆಂದು ಒಂದು ಕಲಮು ಇತ್ತು ನಿಜ. ಆದರೆ 1217ರಲ್ಲಿ ಅದಕ್ಕೆ ದೊರೆಯ ಸ್ವಂತ ಒಕ್ಕಲುಗಳನ್ನು ಬಿಟ್ಟು ಎಂಬ ಮಾತು ಸೇರಿತು. ಅಲ್ಲಿಗೆ ಒಳಗಿನ ಗುಟ್ಟು ಹೊರಬಿತ್ತು. ಕಾಪಾಡಿದ್ದು ಒಕ್ಕಲನ್ನಲ್ಲ, ಒಕ್ಕಲಿನಿಂದ ಸರದಾರನಿಗೆ ಬರುವ ಹುಟ್ಟುವಳಿಯನ್ನು.

ಆ ಒಕ್ಕಲುಗಳ ಸರದಿಯೂ ಒಂದು ದಿನ ಬಂತು. 1381ರ ಜೂನಿನಲ್ಲಿ ತಲೆಗಂದಾಯದ ಹಿಂಸೆ ತಾಳಲಾರದೆ ಎಸೆಕ್ಸ್, ಕೆಂಟ್ ಸೀಮೆಗಳ ರೈತರು ಲಂಡನ್ನಿಗೆ ನುಗ್ಗಿದರು. ಆಗಿನ ದೊರೆ ಎರಡನೆಯ ರಿಚರ್ಡನಿಗೆ ಹದಿನಾಲ್ಕು ವರ್ಷ. ಜೂನ್ 14ರಂದು ಮೈಲ್ ಎಂಡ್ ಎಂಬಲ್ಲಿ ಅವನು ರೈತರನ್ನು ಕಂಡು ಜೀತ ತೆಗೆದೆನೆಂದು ಮಾತು ಕೊಟ್ಟ. ಗುಮಾಸ್ತರು ಕುಳಿತು ಸೀಮೆ ಸೀಮೆಗೆ ಬಿಡುಗಡೆಯ ಸನ್ನದು ಬರೆದುಕೊಟ್ಟರು. ಅದನ್ನು ಎದೆಗವಚಿಕೊಂಡು ಎಷ್ಟೋ ಜನ ಊರ ದಾರಿ ಹಿಡಿದರು. ಮರುದಿನವೇ ಅವರ ಮುಂದಾಳು ವಾಟ್ ಟೈಲರನನ್ನು ದೊರೆಯ ಎದುರಿಗೇ ಕೊಂದರು. ಜುಲೈ 2ರಂದು ಆ ಸನ್ನದುಗಳೆಲ್ಲ ರದ್ದಾದವು. ಅವು ಬಾಳಿದ್ದು ಹದಿನೆಂಟು ದಿನ, ರನ್ನಿಮೀಡಿನ ಕಾಗದದಷ್ಟೂ ಅಲ್ಲ.

ನವೆಂಬರಿನಲ್ಲಿ ಪಾರ್ಲಿಮೆಂಟು ಸೇರಿತು. ಜೀತವನ್ನು ನೀವೇ ತೆಗೆಯಬಯಸುವಿರಾ ಎಂದು ದೊರೆಯ ಕಡೆಯಿಂದ ಕೇಳಲಾಯಿತು. ತಮ್ಮ ಒಪ್ಪಿಗೆಯಿಲ್ಲದೆ ಕೊಟ್ಟ ಬಿಡುಗಡೆ ಬಿಡುಗಡೆಯೇ ಅಲ್ಲ, ಒಪ್ಪಿಗೆ ಎಂದೆಂದಿಗೂ ಕೊಡುವುದಿಲ್ಲ ಎಂದು ಸರದಾರರೂ ಜಮೀನುದಾರರೂ ಒಕ್ಕೊರಲಿನಿಂದ ಹೇಳಿದರು. ದಂಗೆಕೋರರಿಗೆ ಹೆದರಿ ಕೊಟ್ಟ ಮಾತಿಗೆ ಬೆಲೆಯಿಲ್ಲ ಎಂಬ ವಾದ ಈಗ ಅವರದಾಗಿತ್ತು. ಹೆದರಿಸಿ ಪಡೆದ ಸನ್ನದನ್ನು ನೂರಾ ಅರವತ್ತು ವರ್ಷ ಎತ್ತಿ ಹಿಡಿದವರ ಮೊಮ್ಮಕ್ಕಳು ಇವರು. ಬಿಟ್ಟಿ ದುಡಿಸುವ ಹಕ್ಕು ತಮಗೆ ಯಾವ ಒಪ್ಪಂದದಿಂದ ಬಂತು, ಯಾವ ಒಕ್ಕಲು ಅದನ್ನು ಹೆದರಿಕೆಯಿಲ್ಲದೆ ಬರೆದುಕೊಟ್ಟಿದ್ದ ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಆ ಜೀತವನ್ನು ಮುಂದೆ ಯಾವ ಸನ್ನದೂ ತೆಗೆಯಲಿಲ್ಲ. 1348ರ ಪ್ಲೇಗಿನಿಂದ ದುಡಿಯುವ ಕೈಗಳು ಕಡಿಮೆಯಾಗಿದ್ದವು. ಒಕ್ಕಲುಗಳು ಹೆಚ್ಚಿನ ಕೂಲಿ ಸಿಗುವ ಕಡೆಗೆ ರಾತ್ರೋರಾತ್ರಿ ಹೊರಟುಹೋಗುತ್ತಿದ್ದರು. ಬೀಳುಬಿದ್ದ ಹೊಲಗಳನ್ನು ಸರದಾರರು ಒಂದೊಂದಾಗಿ ಹಣದ ಗೇಣಿಗೆ ಕೊಡತೊಡಗಿದರು.